ಬಟ್ಟಲು ತೊಳೆದ ನೀರು

ಕಮಲಾಕ್ಷಮ್ಮ ಸಿಟ್ಟು ಬಂದರೆ ಪಾತ್ರೆ ಕುಕ್ಕುವ ಹೆಂಗಸಲ್ಲ. ಹೊತ್ತು ಹೊತ್ತಿಗೆ ರೊಟ್ಟಿ ಬಡಿಯುತ್ತಾಳೆ, ಬಿಸಿಬಿಸಿಯಾಗಿ ಬಡಿಸುತ್ತಾಳೆ, ಗಂಡನ ಷರ್ಟಿಗೆ ಗುಂಡಿ ಹಚ್ಚಿಕೊಡುತ್ತಾಳೆ. ಕೇಳಿದ್ದಕ್ಕೆ ಹೂಂ, ಉಹೂಂ ಅನ್ನುವುದು ಬಿಟ್ಟರೆ ಮೂರನೆಯ ಮಾತಿಲ್ಲ. ರಾಜಾಜಿನಗರದ ಮೂರನೇ ಬ್ಲಾಕಿನ ಆ ಮನೆಯಲ್ಲಿ ಅಂಥ ಮೌನ ವಾರಗಟ್ಟಲೆ ನಡೆದದ್ದುಂಟು. ಈ ಸಲದ ಸಿಟ್ಟು ಮಾತ್ರ ಹತ್ತಿರ ಹತ್ತಿರ ಒಂದು ವರ್ಷ ಎಳೆದಿತ್ತು. ಅಷ್ಟು ದಿನವೂ ಮಾತು ಬಿಟ್ಟಿದ್ದಳೆಂದಲ್ಲ. ಸಂಸಾರದ ಮಾತೆಲ್ಲ ನಡೆಯುತ್ತಿತ್ತು. ಗಂಡನ ಜೊತೆ ಅವನ ಆಫೀಸಿನವರ ಮನೆಗೆ ಊಟಕ್ಕೆ ಹೋಗುವುದನ್ನು ಆಕೆ ನಿಲ್ಲಿಸಿಬಿಟ್ಟಿದ್ದಳು.

ಗಂಡ ಗುರುಬಸಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಗೇರ್ ಕಾರ್ಖಾನೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್. ಅವನ ಮೇಲಧಿಕಾರಿ, ವರ್ಕ್ಸ್ ಮ್ಯಾನೇಜರ್ ಪುರುಷೋತ್ತಮರು ಮನೆಗೆ ಹೊಸ ಡೈನಿಂಗ್ ಟೇಬಲ್ ತರಿಸಿದ ಖುಷಿಗೆ ಕೆಲವರನ್ನು ಊಟಕ್ಕೆ ಕರೆದಿದ್ದರು. ಊಟವೇನೋ ಚೆನ್ನಾಗಿಯೇ ಇತ್ತು. ಮುಗಿದ ಮೇಲೆ ಕಮಲಾಕ್ಷಮ್ಮ ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನೇ ಮಾಡಿದಳು. ಲೋಟದ ನೀರನ್ನು ತಟ್ಟೆಗೆ ಸುರಿದು, ಬೆರಳಿನಿಂದ ಸುತ್ತ ಸವರಿ, ಅಂಟಿದ್ದ ಅಗುಳನ್ನೆಲ್ಲ ಕೂಡಿಸಿ, ಆ ನೀರನ್ನು ಕುಡಿದಳು. ಅವರ ಮನೆತನದಲ್ಲಿ ಊಟವೆಂದರೆ ಪ್ರಸಾದ, ಪ್ರಸಾದವನ್ನು ತಟ್ಟೆಯಲ್ಲಿ ಬಿಟ್ಟು ಏಳುವುದಿಲ್ಲ. ದಾವಣಗೆರೆಯಲ್ಲಿ ಅವಳ ತಂದೆ ಕಾಳುಕಡಿಯ ದೊಡ್ಡ ವ್ಯಾಪಾರಿ. ಮೂಟೆಗಟ್ಟಲೆ ಜೋಳ ಇಟ್ಟುಕೊಂಡಿದ್ದ ಆ ಮನುಷ್ಯನೂ ಹಾಗೇ ಉಂಡು ಏಳುತ್ತಿದ್ದ.

ಪುರುಷೋತ್ತಮರ ಹೆಂಡತಿ ಜಲಜಾ ಅದನ್ನು ಕಂಡು, “ಅಯ್ಯೋ ಇದೇನ್ರೀ, ತೊಳೆದ ನೀರು ಕುಡೀತಿದೀರ? ಕುಡಿಯೋಕೆ ಜಗ್ಗಲ್ಲಿ ಬೇರೆ ನೀರಿದೆಯಲ್ಲ” ಅಂದರು. ಟೇಬಲ್ಲಿನ ಸುತ್ತ ಇದ್ದವರೆಲ್ಲ ನಕ್ಕರು. ಅದು ಕಮಲಾಕ್ಷಮ್ಮನಿಗೆ ನಾಟಲಿಲ್ಲ. ತಿಳಿಯದವರು ನಕ್ಕರೆ ನಗಲಿ, ಅವರ ಬಾಯಿ, ಅವರ ಹಲ್ಲು. ಆದರೆ ಅವರ ಜೊತೆ ಗುರುಬಸಪ್ಪನೂ ನಕ್ಕ. ನಕ್ಕು, “ಹಳ್ಳಿ ಅಭ್ಯಾಸ ಮೇಡಂ, ಎಷ್ಟು ಹೇಳಿದ್ರೂ ಬಿಡಲ್ಲ” ಅಂದ.

ಈ ಮಾತನ್ನು ಆಡಿದ್ದು ಯಾರು? ಅಪ್ಪ ಇಲ್ಲದೆ, ಮಠದ ಉಚಿತ ಹಾಸ್ಟೆಲಿನಲ್ಲಿ ಸಾಲಾಗಿ ಕೂತು ಮುದ್ದೆ ಸಾರು ಉಂಡು, ತಟ್ಟೆ ತೊಳೆದ ನೀರು ಕುಡಿದೇ ಡಿಪ್ಲೊಮಾ ಮುಗಿಸಿದ ಮನುಷ್ಯ. ಆ ಅನ್ನ ತಿನ್ನದಿದ್ದರೆ ಗೇರ್ ಇರಲಿ, ಸೈಕಲ್ ಚೈನೂ ಅವನ ಕೈಗೆ ಸಿಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಕಮಲಾಕ್ಷಮ್ಮ ಒಂದೇ ಮಾತು ಹೇಳಿದಳು. “ನನ್ನ ನೋಡಿ ನಕ್ಕಿದ್ರೆ ಸಹಿಸ್ತಿದ್ದೆ. ನೀವು ನಿಮ್ಮನ್ನ ನೋಡ್ಕೊಂಡೇ ನಕ್ರಿ. ಇನ್ಮೇಲೆ ನಿಮ್ಮ ಆಫೀಸಿನೋರ ಮನೆಗೆ ನಾನು ಬರಲ್ಲ.”

ಬರಲಿಲ್ಲ. ಮದುವೆ, ಮುಂಜಿ, ಪ್ರಮೋಷನ್ ಪಾರ್ಟಿ, ಎಲ್ಲಕ್ಕೂ ಗುರುಬಸಪ್ಪ ಒಬ್ಬನೇ ಹೋಗಿ, ಹೆಂಡತಿಗೆ ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿ ಬರುತ್ತಿದ್ದ. ಕಾರ್ಖಾನೆಯವರ ಪ್ರಕಾರ ಕಮಲಾಕ್ಷಮ್ಮ ದೊಡ್ಡ ರೋಗಿಷ್ಠೆ. ಆಕೆಯೋ ದಿನಾ ಬೆಳಿಗ್ಗೆ ಇಡೀ ಬೀದಿಗೆ ಕೇಳುವ ಹಾಗೆ ಒರಳಲ್ಲಿ ರುಬ್ಬುತ್ತಿದ್ದಳು.

ಎಮರ್ಜೆನ್ಸಿ ಮುಗಿದ ವರ್ಷ ಕಾರ್ಖಾನೆಗೆ ಜಪಾನಿನಿಂದ ಹೊಸ ಮಿಷನ್ನುಗಳು ಬಂದವು, ಅವುಗಳ ಜೊತೆ ಹಯಾಶಿ ಎಂಬ ಎಂಜಿನಿಯರನೂ ಬಂದ. ನಾಲ್ಕನೇ ಬ್ಲಾಕಿನಲ್ಲಿ ಅವನಿಗೊಂದು ಮನೆ ಮಾಡಿಕೊಟ್ಟರು. ಮಳೆಗಾಲದಲ್ಲಿ ಅವನಿಗೆ ಕಾಮಾಲೆ ಹಿಡಿದು ಕಣ್ಣು, ಉಗುರು ಎಲ್ಲ ಅರಿಶಿನವಾದಾಗ ಆಸ್ಪತ್ರೆಗೆ ಸೇರಿಸಿದ್ದು ಗುರುಬಸಪ್ಪ. ಮನೆಗೆ ಬಂದ ಮೇಲೆ ಗಂಜಿ, ನೀರು ಮಜ್ಜಿಗೆ ಕಳಿಸಿ ಅವನನ್ನು ಎದ್ದು ನಿಲ್ಲಿಸಿದ್ದು ಕಮಲಾಕ್ಷಮ್ಮ. ಅವನು ಆಕೆಯನ್ನು ಅಕ್ಕ ಎಂದು ಕರೆಯುತ್ತಿದ್ದ. ಕಾರ್ಖಾನೆಯ ಫಿಟ್ಟರುಗಳಿಂದ ಕಲಿತ ಕನ್ನಡವಾದ್ದರಿಂದ ಮೊದಮೊದಲು ಕೆಲವು ಬೈಗುಳಗಳನ್ನೂ ಗೌರವದಿಂದಲೇ ಸೇರಿಸುತ್ತಿದ್ದ. ಆಕೆ ಒಂದೊಂದಾಗಿ ಬಿಡಿಸಿದಳು.

ಡಿಸೆಂಬರಿನಲ್ಲಿ ಹಯಾಶಿಯ ತಾಯಿ ಮಗನನ್ನು ನೋಡಲು ಬಂದರು. ಕ್ಯೋಟೊ ಎಂಬ ಊರಿನಲ್ಲಿ ಅವರದು ತಲೆತಲಾಂತರದ ಊಟದ ಮನೆ. ಹೋಟೆಲ್ ಎಂದರೆ ಹೋಟೆಲ್, ಆದರೆ ಬೋರ್ಡಿಲ್ಲ, ಗಲ್ಲಾ ಮುಂದೆ ಗದ್ದಲವಿಲ್ಲ. ಒಂದು ಸಲಕ್ಕೆ ಐದಾರು ಜನ ಮಾತ್ರ. ಬಂದವರಿಗೆ ಚಹಾ ಕುಡಿಸುವುದೇ ಅಲ್ಲಿ ಒಂದು ಪೂಜೆ, ಆ ಚಹಾ ಖಾಲಿ ಹೊಟ್ಟೆಗೆ ಬೀಳಬಾರದೆಂದು ಅದಕ್ಕೆ ಮೊದಲು ಒಂದು ಊಟ. ಆ ಊಟಕ್ಕೆ ಕೈಸೆಕಿ ಎಂದು ಹೆಸರು. ಮಗನ ಜೀವ ಉಳಿಸಿದವರಿಗೆ ಅದನ್ನು ತಮ್ಮ ಕೈಯಾರೆ ಮಾಡಿ ಬಡಿಸಬೇಕೆಂದು ಆ ತಾಯಿ ಒಣಗಿಸಿದ ಸಮುದ್ರದ ಸೊಪ್ಪು, ಬಟ್ಟಲು, ಚಹಾದ ಪುಡಿ ಎಲ್ಲವನ್ನೂ ಪೆಟ್ಟಿಗೆಯಲ್ಲಿ ಹೊತ್ತು ತಂದಿದ್ದರು. ಅತಿಥಿಗಳು ಮೀನು ಮಾಂಸ ಮುಟ್ಟುವುದಿಲ್ಲವೆಂದು ಮಗ ಹೇಳಿದ್ದಕ್ಕೆ, ನಮ್ಮ ದೇವಸ್ಥಾನಗಳಲ್ಲೂ ಹಾಗೇ ಮಾಡುತ್ತಾರೆ, ಬರುತ್ತದೆ ಅಂದರಂತೆ.

ಅಡಿಗೆಗೆ ಮುಂಚಿನ ದಿನ ಆಕೆ ನೆನೆಸಿದ ಸೋಯಾ ಕಾಳು ಹಿಡಿದು ಕಮಲಾಕ್ಷಮ್ಮನ ಒರಳು ಕೇಳಿಕೊಂಡು ಬಂದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಇಬ್ಬರೂ ಎದುರುಬದುರು ಕೂತು ಒಬ್ಬರು ತಿರುಗಿಸಿ, ಒಬ್ಬರು ತಳ್ಳಿ, ಹಾಲಿನಂತೆ ರುಬ್ಬಿದರು. ಹೋಗುವಾಗ ಒರಳಿಗೆ ನೀರು ಹಾಕಿ ಬಳಿದು, ಆ ನೀರನ್ನೂ ಪಾತ್ರೆಗೆ ಸೇರಿಸಿಕೊಂಡ ಆ ಹೆಂಗಸು ಕಮಲಾಕ್ಷಮ್ಮನಿಗೆ ಬಹಳ ಹಿಡಿಸಿದರು. ಒಳ್ಳೆಯ ಮನೆತನದವಳು ಎಂದು ಮನಸ್ಸಿನಲ್ಲೇ ಸರ್ಟಿಫಿಕೇಟು ಕೊಟ್ಟಳು.

ತೊಂದರೆ ಆ ಸಂಜೆ ಶುರುವಾಯಿತು. ಕರೆದದ್ದು ಇವರಿಬ್ಬರನ್ನು ಮಾತ್ರವಲ್ಲ, ಪುರುಷೋತ್ತಮ ದಂಪತಿಗಳನ್ನೂ ಕರೆದಿದ್ದಾರೆ ಎಂದು ಗುರುಬಸಪ್ಪ ಬಂದು ಹೇಳಿದ. ಹೇಳಿ, ಕುರ್ಚಿಯ ತುದಿಯಲ್ಲಿ ಕೂತ.

“ಬರ್ತೀನಿ” ಅಂದಳು ಕಮಲಾಕ್ಷಮ್ಮ. “ಆ ತಾಯಿ ಕರೆದಿದಾರೆ. ನಿಮ್ಮ ಸಾಹೇಬರು ಕರೆದಿಲ್ವಲ್ಲ.”

“ಅದಲ್ಲ ಕಮಲಾ. ಜಪಾನಿಗೆ ಟ್ರೇನಿಂಗಿಗೆ ಯಾರನ್ನ ಕಳಿಸ್ಬೇಕು ಅಂತ ಸಾಹೇಬ್ರು ಈ ತಿಂಗಳೇ ಬರೆದು ಕಳಿಸ್ತಾರೆ. ನನ್ನ ಹೆಸರೂ ಇದೆ. ಅಲ್ಲಿ ಹೋಗಿ ನಾಲ್ಕು ಜನರ ಹಾಗೆ ಊಟ ಮಾಡೋಕೆ ಬರತ್ತೋ ಇಲ್ವೋ ಅಂತ ನೋಡೇ ನೋಡ್ತಾರೆ. ಅದಕ್ಕೇ...”

“ಅದಕ್ಕೆ?”

“ನಾಳೆ ಒಂದಿನ ಅದನ್ನ ಮಾಡ್ಬೇಡ. ತಟ್ಟೆ ತೊಳೆದು ಕುಡಿಯೋದು.”

ಗಂಡನಿಗೆ ಆ ಟ್ರೇನಿಂಗ್ ಎಷ್ಟು ಬೇಕೆಂದು ಅವಳಿಗೆ ಗೊತ್ತಿತ್ತು. ಅಡ್ಡಿ ಬಂದಳೆಂದು ಅನಿಸಿಕೊಳ್ಳುವುದು ಅವಳಿಗೂ ಬೇಡ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಅವಳಿಗೆ ಬೇಕಾಗಿದ್ದದ್ದು ಒಂದೇ ಇತ್ತು. ಈ ಮನುಷ್ಯ ನಾಲ್ಕು ಜನರೆದುರು ಒಮ್ಮೆಯಾದರೂ, ಹೌದು, ನಾನೂ ಇವಳ ಹಾಗೇ ಬೆಳೆದವನು ಎನ್ನಬೇಕು. ಅದನ್ನು ಬಾಯಿಬಿಟ್ಟು ಕೇಳುವಷ್ಟು ಅಗ್ಗದವಳಲ್ಲ ಆಕೆ. ಕೇಳಿ ಪಡೆದುಕೊಂಡರೆ ಅದಕ್ಕೆ ಬೆಲೆಯೆಲ್ಲಿ?

“ಆಯ್ತು. ಮಾಡಲ್ಲ” ಅಂದಳು. ಮಾತು ಕೊಟ್ಟರೆ ಕೊಟ್ಟ ಹಾಗೇ. ಅವಳ ತಂದೆಯ ಅಂಗಡಿಯಲ್ಲಿ ಎಷ್ಟೋ ವ್ಯಾಪಾರ ಬರೀ ಮಾತಿನ ಮೇಲೇ ನಡೆಯುತ್ತಿತ್ತು.

ಮರುದಿನ ಭಾನುವಾರ, ಹನ್ನೊಂದರ ಹೊತ್ತಿಗೆ ನಾಲ್ಕು ಜನವೂ ಹಯಾಶಿಯ ಬಾಗಿಲಲ್ಲಿದ್ದರು. ಗೇಟಿನಿಂದ ಬಾಗಿಲವರೆಗೆ ಆಗಷ್ಟೇ ನೀರು ಚಿಮುಕಿಸಿದ್ದರು. ಕಮಲಾಕ್ಷಮ್ಮ ವಿಭೂತಿ ಹಚ್ಚಿ, ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಜಲಜಾ ನೈಲೆಕ್ಸ್ ಸೀರೆಯಲ್ಲಿದ್ದರು. ಒಳಗಿನ ಕೋಣೆಯಲ್ಲಿದ್ದ ಕುರ್ಚಿ ಸೋಫಾ ಎಲ್ಲ ಎಲ್ಲಿ ಹೋಗಿದ್ದವೋ, ಗೋಡೆಯಿಂದ ಗೋಡೆಗೆ ಚಾಪೆ ಹಾಸಿತ್ತು. ಮೂಲೆಯಲ್ಲೊಂದು ಹಿತ್ತಾಳೆ ಚೆಂಬು, ಅದರಲ್ಲಿ ಒಂದೇ ಒಂದು ನಂದಿಬಟ್ಟಲು ಹೂ. ಅಷ್ಟು ಬಿಟ್ಟರೆ ಏನೂ ಇಲ್ಲದ ಆ ಕೋಣೆ ದೇವರ ಮನೆಯ ಹಾಗೆ ಕಂಡಿತು.

ಪುರುಷೋತ್ತಮರು ಹೂವಿನ ಪಕ್ಕದ ಜಾಗಕ್ಕೆ ನೇರ ಹೊರಟರು. ಹಯಾಶಿ ಸೊಂಟ ಬಗ್ಗಿಸಿ, ಅಡ್ಡ ಬಂದು, “ಸಾರ್, ಅಮ್ಮ ಹೇಳ್ತಾರೆ, ಇವತ್ತು ಮೊದಲ ಜಾಗ ಅಕ್ಕನಿಗೆ. ಮೊದಲ ಜಾಗದಲ್ಲಿ ಕೂತೋರು ಏನು ಮಾಡ್ತಾರೋ ಉಳಿದೋರು ಹಂಗೇ ಮಾಡೋದು ನಮ್ಮ ಪದ್ಧತಿ” ಅಂದ. ಸಾಹೇಬರು, “ಓಹೋ, ಆಗ್ಲಿ ಆಗ್ಲಿ” ಎನ್ನುತ್ತ ಗುರುಬಸಪ್ಪನ ಆಚೆ ಕಡೆ ಕೂರಲು ಹೋದರು. ಬಿಗಿ ಪ್ಯಾಂಟಿನಲ್ಲಿ ನೆಲಕ್ಕಿಳಿಯಲು ಅವರಿಗೆ ಹೆಂಡತಿಯ ಭುಜ ಬೇಕಾಯಿತು. ಕೊನೆಯಲ್ಲಿ ಹಯಾಶಿ ಕೂತ. ಕಮಲಾಕ್ಷಮ್ಮ ಹೂವಿನ ಪಕ್ಕ ಬೆನ್ನು ನೆಟ್ಟಗೆ ಮಾಡಿ ಪದ್ಮಾಸನ ಹಾಕಿದಳು. ಇನ್ನೊಂದು ಊರಿನ ಒಬ್ಬ ದೊಡ್ಡ ಹೆಂಗಸು ತನ್ನನ್ನು ಮೊದಲಿಗೆ ಕೂರಿಸಿದ್ದಾಳೆ. ಅದನ್ನು ಅವಳು ಬೇಡವೆನ್ನಲೂ ಇಲ್ಲ, ಸಂಕೋಚಪಡಲೂ ಇಲ್ಲ.

ಹಯಾಶಿಯ ತಾಯಿ ಮಂಡಿಯೂರಿ ಒಬ್ಬೊಬ್ಬರ ಮುಂದೆ ಒಂದೊಂದು ಕಪ್ಪು ಮಣೆ ಇಟ್ಟರು. ಮಣೆಯ ಮೇಲೆ ಒಂದು ಬಟ್ಟಲಲ್ಲಿ ಎರಡು ತುತ್ತು ಅನ್ನ, ಇನ್ನೊಂದರಲ್ಲಿ ಬೂದುಗುಂಬಳದ ಹೋಳು ತೇಲುವ ತಿಳಿ ಸಾರು, ಚಿಕ್ಕ ತಟ್ಟೆಯಲ್ಲಿ ನಿನ್ನೆ ರುಬ್ಬಿದ ಸೋಯಾ ಹಾಲಿನ ಬಿಳಿ ಗಟ್ಟಿ, ಮೇಲೆ ಉಗುರಿನಷ್ಟು ಶುಂಠಿ. ಎರಡು ಕಡ್ಡಿ ಜೊತೆಗೆ ಒಂದು ಚಮಚವನ್ನೂ ಕರುಣೆಯಿಂದ ಇಟ್ಟಿದ್ದರು.

“ಇಷ್ಟೇನಾ?” ಎಂದು ಜಲಜಾ ಗಂಡನ ಕಿವಿಯಲ್ಲಿ ಕೇಳಿದ್ದು ಎಲ್ಲರಿಗೂ ಕೇಳಿಸಿತು.

ಇಷ್ಟೇ ಆಗಿರಲಿಲ್ಲ. ಒಂದು ಮುಗಿಯುತ್ತಿದ್ದ ಹಾಗೆ ಇನ್ನೊಂದು ಬರುತ್ತಿತ್ತು. ಬೇಯಿಸಿದ ಸಿಹಿಗುಂಬಳವನ್ನು ಎಲೆಯ ಆಕಾರಕ್ಕೆ ಕೊಯ್ದಿದ್ದರು. ಕೆಂಡದ ಮೇಲೆ ಸುಟ್ಟ ಬದನೆಕಾಯಿ ಸಿಪ್ಪೆ ಕಳಚಿಕೊಂಡು ಬೆಣ್ಣೆಯಾಗಿತ್ತು. ಅವರೇಕಾಳಿನ ಕಾಲವಾದ್ದರಿಂದ ಹಿಸುಕಿದ ಅವರೆಯನ್ನೂ ಆ ತಾಯಿ ಬಿಟ್ಟಿರಲಿಲ್ಲ. ಹಸಿರು ಮುತ್ತಿನ ಹಾಗೆ ಏಳೆಂಟು ಕಾಳು, ಮೇಲೆ ಒಂದು ಚಿಟಿಕೆ ಉಪ್ಪು. ಅಷ್ಟು ಕಡಿಮೆ ಇದ್ದದ್ದಕ್ಕೋ ಏನೋ ಒಂದೊಂದು ಕಾಳಿನ ರುಚಿಯೂ ಬೇರೆ ಬೇರೆ ತಿಳಿಯಿತು. ಮಸಾಲೆಯಿಲ್ಲ, ಒಗ್ಗರಣೆಯಿಲ್ಲ, ಆದರೂ ಸಪ್ಪೆಯೆನಿಸಲಿಲ್ಲ. ಬಡಿಸುವಾಕೆ ಮಾತ್ರ ಕೂರಲಿಲ್ಲ. ಬನ್ನಿ, ನೀವೂ ಕೂತ್ಕೊಳ್ಳಿ ಎಂದು ಪುರುಷೋತ್ತಮರು ಕರೆದದ್ದಕ್ಕೆ ಹಯಾಶಿ, “ಬಡಿಸೋರು ಜೊತೇಲಿ ಕೂರಂಗಿಲ್ಲ ಸಾರ್, ಒಳಗೇ ತಿಂತಾರೆ” ಅಂದ. ನಮ್ಮಲ್ಲೂ ಹಾಗೇ ಎಂದು ಕಮಲಾಕ್ಷಮ್ಮ ತಲೆದೂಗಿದಳು.

ಕೊನೆಗೆ ಆ ತಾಯಿ ಮರದ ಮುಚ್ಚಳದ, ಕೊಂಬಿನಂಥ ಮೂತಿಯ ಒಂದು ಪಾತ್ರೆಯನ್ನೂ, ಐದು ಚೂರು ಉಪ್ಪಿನಕಾಯಿ ಮೂಲಂಗಿಯನ್ನೂ ತಂದು ಕಮಲಾಕ್ಷಮ್ಮನ ಮುಂದಿಟ್ಟು, ಬಗ್ಗಿ ನಮಸ್ಕರಿಸಿ, ಒಳಗೆ ಹೋಗಿ ಬಾಗಿಲೆಳೆದುಕೊಂಡರು. ಹಯಾಶಿ ಬಟ್ಟಲಿಗೆ ಸುರಿದುಕೊಳ್ಳುವಂತೆ ಕೈಯಲ್ಲಿ ತೋರಿಸಿದ. ಕಮಲಾಕ್ಷಮ್ಮ ಅನ್ನದ ಬಟ್ಟಲಿಗೆ ಸುರಿದುಕೊಂಡಳು. ಬಿಸಿನೀರು. ಪಾತ್ರೆ ಗುರುಬಸಪ್ಪನಿಗೆ ಹೋಯಿತು, ಅಲ್ಲಿಂದ ಪುರುಷೋತ್ತಮರಿಗೆ, ಜಲಜಾಗೆ, ಹಯಾಶಿಗೆ.

ಪುರುಷೋತ್ತಮರ ಮುಖ ಅರಳಿತು. ಊಟದುದ್ದಕ್ಕೂ ತಮಗೆ ಗೊತ್ತಿಲ್ಲದ್ದೇ ಬರುತ್ತಿತ್ತು, ಇದೊಂದು ಗೊತ್ತಿತ್ತು. “ಫಿಂಗರ್ ಬೌಲ್” ಎಂದು ಎಲ್ಲರಿಗೂ ತಿಳಿಯಹೇಳಿ, ಐದು ಬೆರಳನ್ನೂ ಬಟ್ಟಲಿಗೆ ಇಳಿಸಿ ಕ್ಲಬ್ಬಿನಲ್ಲಿ ಮಾಡುವ ಹಾಗೆ ನಾಜೂಕಾಗಿ ತೊಳೆದರು. ಜಲಜಾ ಉಂಗುರ ಬಿಚ್ಚಿ ಪಕ್ಕಕ್ಕಿಟ್ಟು ತಮ್ಮ ಬೆರಳನ್ನೂ ಇಳಿಸಿದರು. “ನಿಂಬೆಹಣ್ಣು ಒಂದು ಇಟ್ಟಿದ್ರೆ ಚೆನ್ನಾಗಿತ್ತು” ಅಂದರು.

ಕಮಲಾಕ್ಷಮ್ಮ ತನ್ನ ಬಟ್ಟಲನ್ನು ನೋಡಿದಳು. ನೀರಿನ ತಳದಲ್ಲಿ ಕಂದುಬಣ್ಣಕ್ಕೆ ಹುರಿದ ಏಳೆಂಟು ಅನ್ನದ ಅಗುಳು ಕೂತಿದ್ದವು. ಪಾತ್ರೆಯ ತಳ ಹಿಡಿದ ಅನ್ನದ ಹಿತವಾದ ವಾಸನೆ ಮೇಲೆ ಬಂತು. ಅಗುಳಿರುವ ನೀರಿನಲ್ಲಿ ಕೈ ತೊಳೆಯುವ ದೇಶ ಯಾವುದೂ ಇರಲಾರದು ಎಂದು ಅವಳಿಗೆ ಖಂಡಿತವಾಗಿ ಅನಿಸಿತು. ಕೊನೆಯಲ್ಲಿ ಕೂತ ಹಯಾಶಿಯ ಕಡೆ ನೋಡಿದಳು. ಅವನು ನೀರನ್ನು ಮುಟ್ಟಿರಲಿಲ್ಲ. ಸಾಹೇಬರ ತಪ್ಪನ್ನು ಎತ್ತಿ ಆಡುವ ಸ್ವಭಾವ ಅವನದಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ತಗ್ಗಿಸಿ, ಮೊದಲ ಜಾಗದವಳು ಶುರುಮಾಡಲಿ ಎಂದು ಕಾದಿದ್ದ.

ಶುರುಮಾಡುವುದು ಹೇಗೆ? ಮಾತು ಕೊಟ್ಟಾಗಿದೆ. ಕೈಯಲ್ಲಿ ಬಟ್ಟಲಿದೆ, ಬಟ್ಟಲಲ್ಲಿ ಪ್ರಸಾದವಿದೆ, ನಾಲಿಗೆಯ ಮೇಲೆ ಗಂಡನಿಗೆ ಕೊಟ್ಟ ಮಾತಿದೆ. ಬೆರಳು ಅದ್ದುವುದಂತೂ ಅವಳಿಂದ ಆಗದು, ಸತ್ತರೂ ಆಗದು. ಕುಡಿಯುವ ಹಾಗೂ ಇಲ್ಲ. ತನ್ನ ಗಂಡನ ಬಲಗೈ ಮಣೆಯಿಂದ ಎದ್ದು, ಬಟ್ಟಲ ಮೇಲೆ ಬಂದು, ಬೆರಳುಗಳು ಕೆಳಗೆ ಬಗ್ಗಿದ್ದನ್ನು ನೋಡಿದಳು. ಹೋದ ವರ್ಷದ ನಗು ಎಷ್ಟೋ ವಾಸಿಯಾಗಿತ್ತು. ನಗುವುದು ಬೇರೆ, ಅನ್ನದಲ್ಲಿ ಕೈ ತೊಳೆಯುವುದು ಬೇರೆ. ಇವತ್ತು ಇವನು ಆ ಬೆರಳನ್ನು ಇಳಿಸಿದರೆ, ಮುಂದೆ ಇವನು ಜಪಾನಿಗಲ್ಲ, ಚಂದ್ರಲೋಕಕ್ಕೇ ಹೋಗಿ ಬಂದರೂ ತನ್ನ ಮನಸ್ಸಿನೊಳಗೆ ಇವನಿಗೆ ಜಾಗವಿರುವುದಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಗುರುಬಸಪ್ಪನ ಬೆರಳು ನೀರಿಗೆ ತಾಗುವಷ್ಟರಲ್ಲಿ ನಿಂತಿತು. ಅವನು ಅಗುಳನ್ನು ಕಂಡ. ಒಮ್ಮೆ ಪಕ್ಕದಲ್ಲಿ ಸಾಹೇಬರ ಒದ್ದೆ ಬೆರಳುಗಳನ್ನು ನೋಡಿದ. ಒಮ್ಮೆ ತನ್ನ ಬಟ್ಟಲನ್ನು ನೋಡಿದ. ಆಮೇಲೆ ಎರಡೂ ಕೈಯಿಂದ ಬಟ್ಟಲನ್ನೆತ್ತಿ, ಹಾಸ್ಟೆಲಿನ ಹುಡುಗರು ತಿರುಗಿಸುವ ಹಾಗೆ ಸುತ್ತ ತಿರುಗಿಸಿ, ಕಲಕಿ, ಆ ನೀರನ್ನು ಸಾರಿನ ಬಟ್ಟಲಿಗೆ ಸುರಿದು ಅದನ್ನೂ ತೊಳೆದು, ಗಟಗಟನೆ ಕುಡಿದುಬಿಟ್ಟ.

“ಗುರುಬಸಪ್ಪ, ಅದು ಕೈ ತೊಳೆಯೋಕೆ” ಅಂದರು ಜಲಜಾ.

“ಇರಬಹುದು ಮೇಡಂ, ನಂಗೆ ಗೊತ್ತಿಲ್ಲ” ಅಂದ ಗುರುಬಸಪ್ಪ. ಅವನ ಕಿವಿ ಕೆಂಪಾಗಿತ್ತು, ಆದರೆ ಮಾತು ತೊದಲಲಿಲ್ಲ. “ಅನ್ನ ಕಾಣ್ತಿದೆ. ನಾನು ಮಠದ ಹಾಸ್ಟೆಲಲ್ಲಿ ಬಿಟ್ಟಿ ಊಟ ಮಾಡಿ ಓದಿದೋನು. ಒಂದಗುಳು ಬಿಡದಂಗೆ ತಟ್ಟೆ ತೊಳೆದು ಕುಡಿದೇ ಏಳ್ತಿದ್ವಿ. ಹೋದ ವರ್ಷ ನಿಮ್ಮನೇಲಿ ಇವಳು ಮಾಡಿದ್ದೂ ಅದೇ. ನಾನೇ ಕುಡೀಬೇಕಿತ್ತು ಅವತ್ತು, ನಕ್ಕುಬಿಟ್ಟೆ. ಇಲ್ಲಿ ಇದು ತಪ್ಪಾದ್ರೆ ತಪ್ಪು, ಟ್ರೇನಿಂಗಿಗೆ ಇನ್ನೊಬ್ಬರನ್ನ ಕಳಿಸಿ ಸಾರ್.” ಹೆಂಡತಿಯ ಕಡೆ ತಿರುಗಿ, “ಕುಡಿ ಕಮಲಾ. ನಾನು ಹೇಳಿದ್ದ ಮಾತು ವಾಪಸ್ಸು ತಗೊಂಡೆ” ಅಂದ.

ಕಮಲಾಕ್ಷಮ್ಮ ಕುಡಿದಳು. ಒಂದು ವರ್ಷದಿಂದ ಗಂಟಲಲ್ಲಿ ಕೂತಿದ್ದದ್ದು ಆ ಬಿಸಿನೀರಿನ ಜೊತೆ ಇಳಿದುಹೋಯಿತು. ತಾನು ಮದುವೆಯಾದ ಮನುಷ್ಯ ಎಂಥವನೆಂದು ಅವಳಿಗೆ ಅವತ್ತು ಮೊದಲ ಸಲ ಕಂಡ ಹಾಗಾಯಿತು, ಹೆಮ್ಮೆಯಿಂದ ಕಣ್ಣು ತುಂಬಿತು. ಇಳಕಲ್ ಸೆರಗಿನಲ್ಲಿ ಒರೆಸಿಕೊಳ್ಳಲಿಲ್ಲ. ಯಾರಾದರೂ ನೋಡಿದರೆ ನೋಡಲಿ.

ಆಗ ಹಯಾಶಿ ತನ್ನ ಬಟ್ಟಲನ್ನೆತ್ತಿದ. ಮೂಲಂಗಿಯ ಚೂರನ್ನು ಕಡ್ಡಿಯಲ್ಲಿ ಹಿಡಿದು ಬಟ್ಟಲ ಒಳಗೋಡೆಯನ್ನೆಲ್ಲ ಅದರಿಂದಲೇ ಉಜ್ಜಿ, ಸಾರಿನ ಬಟ್ಟಲಿಗೆ ಬಗ್ಗಿಸಿ ಅದನ್ನೂ ಉಜ್ಜಿ, ನೀರು ಕುಡಿದು, ಮೂಲಂಗಿ ತಿಂದು, ಕಾಗದದಿಂದ ಒರೆಸಿ ಕನ್ನಡಿಯ ಹಾಗೆ ಮಾಡಿಟ್ಟ. ನಾಲ್ವರೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

“ಹಾಗಾದ್ರೆ ಇದು?” ಎಂದರು ಪುರುಷೋತ್ತಮರು. ಅವರ ಬೆರಳುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಹಯಾಶಿ ತಲೆ ತಗ್ಗಿಸಿಯೇ ಹೇಳಿದ. “ಅನ್ನದ ಪಾತ್ರೆ ತಳದ್ದು ಸಾರ್, ಹುರಿದು, ಬಿಸಿನೀರು ಹಾಕಿ. ಬಟ್ಟಲು ತೊಳೆದು ಕುಡೀಬೇಕು. ಮಾಡಿದೋರಿಗೆ ಅದೇ ಮರ್ಯಾದೆ. ನಮ್ಮಲ್ಲಿ ಇದನ್ನ ಕಲಿಯೋಕೆ ವರ್ಷಗಟ್ಟಲೆ ಟೀಚರ್ ಹತ್ರ ಹೋಗ್ತಾರೆ.”

ಸಾಹೇಬರು ಕೆಟ್ಟವರಲ್ಲ. ಒಂದು ಗಳಿಗೆ ಮುಖ ಕಪ್ಪಿಟ್ಟಿತು, ಆಮೇಲೆ ತಮ್ಮನ್ನು ತಾವೇ ನೋಡಿಕೊಂಡು ಹೊಟ್ಟೆ ಅಲುಗಾಡುವಂತೆ ನಕ್ಕರು. “ನಾನು ಕೈ ತೊಳೆದದ್ದನ್ನ ನಾನೇ ಕುಡೀತೀನಿ, ಇನ್ನೇನು ಮಾಡೋದು” ಎಂದು ಕಣ್ಣು ಮುಚ್ಚಿ ಕುಡಿದೂಬಿಟ್ಟರು. ಜಲಜಾಗೆ ಅಷ್ಟು ಧೈರ್ಯ ಬರಲಿಲ್ಲ. ಹಯಾಶಿ ಅವರ ಬಟ್ಟಲನ್ನು ಬದಲಾಯಿಸಿ, ಹೊಸದಾಗಿ ಸುರಿದುಕೊಟ್ಟ. ಒಂದು ಗುಟುಕು ಕುಡಿದು, “ಬಾರ್ಲಿ ನೀರಿನ ಥರ ಇದೆ, ಚೆನ್ನಾಗಿದೆ” ಅಂದರು. ಸ್ವಲ್ಪ ಹೊತ್ತು ಬಿಟ್ಟು ಕಮಲಾಕ್ಷಮ್ಮನ ಕಡೆ ಬಗ್ಗಿ, “ಅವತ್ತಿಂದು ಮನಸ್ಸಲ್ಲಿ ಇಟ್ಕೋಬೇಡಿ” ಎಂದು ಮೆಲ್ಲಗೆ ಹೇಳಿದರು. ಕಮಲಾಕ್ಷಮ್ಮ ಪರವಾಗಿಲ್ಲ ಎನ್ನುವ ಹಾಗೆ ಕೈಯಾಡಿಸಿದಳು. ಜಲಜಾರ ಮೇಲೆ ಅವಳಿಗೆ ಯಾವತ್ತೂ ಸಿಟ್ಟಿರಲಿಲ್ಲ.

ಎಲ್ಲರ ಬಟ್ಟಲೂ ಒರೆಸಿಯಾದ ಮೇಲೆ ಹಯಾಶಿ ಹೇಳಿಕೊಟ್ಟಂತೆ ಐದೂ ಜನ ಕಡ್ಡಿಗಳನ್ನೆತ್ತಿ ಒಟ್ಟಿಗೆ ಮಣೆಯ ಮೇಲೆ ಬೀಳಿಸಿದರು. ಊಟ ಮುಗಿಯಿತೆಂದು ಒಳಗಿದ್ದವರಿಗೆ ತಿಳಿಸುವ ಕ್ರಮವಂತೆ ಅದು. ಸದ್ದು ಕೇಳಿ ಬಾಗಿಲು ಸರಿಯಿತು. ಹಯಾಶಿಯ ತಾಯಿ ಹೊಸ್ತಿಲಲ್ಲಿ ಮಂಡಿಯೂರಿ, ಒಂದೊಂದು ಮಣೆಯನ್ನೂ ನೋಡಿದರು. ಸಮುದ್ರ ದಾಟಿ ಇಷ್ಟು ದೂರ ಬಂದ ಬಟ್ಟಲುಗಳು ಒಂದು ಅಗುಳಿಲ್ಲದೆ ಹೊಳೆಯುತ್ತಿದ್ದವು. ಮಗನಿಗೆ ಏನೋ ಕೇಳಿದರು.

“ಅಮ್ಮ ಕೇಳ್ತಾರೆ, ನೀನು ಹೇಳಿಕೊಟ್ಟೆಯಾ ಅಂತ. ಇಲ್ಲ, ನಾನು ಹೇಳೋಕೆ ಮೊದಲೇ ಕುಡಿದ್ರು ಅಂದೆ. ಹಾಗಾದ್ರೆ ಮೊದಲ ಜಾಗದಲ್ಲಿದ್ದ ಅಕ್ಕನೇ ದಾರಿ ತೋರಿಸಿದರಾ ಅಂತ ಕೇಳ್ತಿದಾರೆ.”

ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು, ಯಾರೂ ಅಲ್ಲವೆನ್ನುತ್ತಿರಲಿಲ್ಲ. ಕಮಲಾಕ್ಷಮ್ಮ ಸೆರಗು ಸರಿಮಾಡಿಕೊಂಡು, ಆ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, “ನಾನಲ್ಲ ಅಂತ ಹೇಳಪ್ಪ” ಅಂದಳು. “ಮೊದಲು ಕುಡಿದದ್ದು ನಮ್ಮ ಯಜಮಾನರು.”